ಕಮಲಾಪುರದ ನಾಲ್ಕು ದ್ರಾಕ್ಷಿ ತೋಟ

ಸೊನ್ನೆ ಇಪ್ಪತ್ತು ಸಲ. ಐದು ಹತ್ತೊಂಬತ್ತು ಸಲ. ಏಳು ಇಪ್ಪತ್ತಮೂರು ಸಲ.

ವಿದ್ಯಾವತಿ ಪೆನ್ಸಿಲ್ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡು ಮೊದಲಿನಿಂದ ಎಣಿಸಿದಳು. ಎಣಿಕೆ ಬದಲಾಗಲಿಲ್ಲ.

ಕಲಬುರಗಿಯ ಬ್ರಹ್ಮಪುರದ ಮನೆಯ ಮಾಳಿಗೆ ಕೋಣೆ. ಸೋಮವಾರ ಬೆಳಗಿನ ಹತ್ತು ಗಂಟೆ. ಮೇಜಿನ ತುಂಬ ಗಂಡ ಮಹಾದೇವನ ಫಾರ್ಮುಗಳು. ಅವನು ಸತ್ತು ಹನ್ನೊಂದು ದಿನವಾಗಿತ್ತು. ಕಮಲಾಪುರದ ಹತ್ತಿರ ಒಂದು ದ್ರಾಕ್ಷಿ ತೋಟದ ಕೃಷಿಹೊಂಡದಲ್ಲಿ ಹೆಣ ಸಿಕ್ಕಿತ್ತು. ಕಾಲು ಜಾರಿ ಬಿದ್ದಿರಬೇಕು ಎಂದು ಬಂದವರೆಲ್ಲ ಹೇಳಿದರು. ಅವಳೂ ತಲೆಯಾಡಿಸಿದಳು. ಹೆಂಡತಿ ಅಳಬೇಕೆಂದು ಎಲ್ಲರೂ ಕಾದರು, ಅವಳೂ ಕಾದಳು. ಅಳು ಬರಲಿಲ್ಲ.

ಕೆಲಸ ಮಾಡುವುದು ಮಾತ್ರ ಆಗುತ್ತಿತ್ತು. ಕೆಲಸಕ್ಕೆ ಏನೂ ಅನ್ನಿಸಬೇಕಾಗಿರಲಿಲ್ಲ.

ಫಾರ್ಮುಗಳು ಒಂದು ಸಮೀಕ್ಷೆಗೆ ಸೇರಿದ್ದವು. ಜಿಲ್ಲೆಯಲ್ಲಿ ಯಾರು ಎಲ್ಲಿ ಎಷ್ಟು ದ್ರಾಕ್ಷಿ ಬೆಳೆಯುತ್ತಾರೆ, ನೀರು ಹೇಗಿದೆ, ಮಾಲು ಎಲ್ಲಿಗೆ ಹೋಗುತ್ತದೆ ಎಂದು ತಿಳಿದುಕೊಂಡು, ದೊಡ್ಡ ಶೀತಲಗೃಹವನ್ನೂ ಒಣದ್ರಾಕ್ಷಿ ಘಟಕವನ್ನೂ ಯಾವ ಕಡೆ ಕಟ್ಟಬೇಕೆಂದು ಯೋಜನಾ ಸಮಿತಿಗೆ ಹೇಳುವ ವರದಿ ಅದು. ಆಳಂದ ಕಡೆಯೋ, ಕಮಲಾಪುರ ಕಡೆಯೋ? ಬಂಡವಾಳ ಹಾಕುವವರು ಆ ಒಂದು ಉತ್ತರಕ್ಕಾಗಿ ಕಾಯುತ್ತಿದ್ದರು. ಕರಡಿನಲ್ಲಿ ಕಮಲಾಪುರ ಎಂದಿತ್ತು.

ವರದಿ ಸಿದ್ಧಪಡಿಸುವ ಕೆಲಸ ಕಲ್ಯಾಣಪ್ಪನವರ ಸಲಹಾ ಕಚೇರಿಯದು. ಕಾಲೇಜಿನಲ್ಲಿ ಅವಳಿಗೂ ಮಹಾದೇವನಿಗೂ ಸಂಖ್ಯಾಶಾಸ್ತ್ರ ಕಲಿಸಿದವರು ಅವರೇ. ಇಬ್ಬರ ಮದುವೆಯ ಮಾತನ್ನು ಮನೆಯವರ ಮುಂದೆ ಎತ್ತಿದವರೂ ಅವರೇ. ಮೂರು ದಿನದ ಹಿಂದೆ ಮನೆಗೆ ಬಂದು, ಮಂಗಳವಾರ ವರದಿ ಮಂಡನೆ ಇದೆ, ಮಹಾದೇವನ ಕೊನೆಯ ಕೆಲಸ, ನೀನೇ ಓದಿದರೆ ಚೆನ್ನ ಎಂದು ಹೇಳಿ ಕಡತ ಇಟ್ಟು ಹೋಗಿದ್ದರು. ಅವಳು ಆಗಲಿ ಅಂದಿದ್ದಳು. ಒಲ್ಲೆ ಅನ್ನುವುದಕ್ಕೂ ಸ್ವಲ್ಪ ಕಸುವು ಬೇಕಾಗುತ್ತದೆ.

ಓದುವ ಮುಂಚೆ ಕೋಷ್ಟಕ ತಾಳೆ ನೋಡುವುದು ಅವಳ ಅಭ್ಯಾಸ. ಆ ಅಭ್ಯಾಸವೇ ಅವಳನ್ನು ಇಲ್ಲಿಗೆ ತಂದಿತ್ತು.

ಬಳ್ಳಿ ಹಚ್ಚಿ ಎಷ್ಟು ವರ್ಷವಾಯಿತು ಎಂದು ರೈತನನ್ನು ಕೇಳಿದರೆ ಅವನು ಐದು ಅನ್ನುತ್ತಾನೆ, ಹತ್ತು ಅನ್ನುತ್ತಾನೆ, ಹದಿನೈದು ಆಗಿರಬೇಕು ನೋಡ್ರಿ ಅನ್ನುತ್ತಾನೆ. ಬಾಯಿಂದ ಬರುವ ಲೆಕ್ಕ ಹೆಚ್ಚಾಗಿ ಸೊನ್ನೆಗೋ ಐದಕ್ಕೋ ಬಂದು ನಿಲ್ಲುತ್ತದೆ. ಆಳಂದದ ನೂರ ತೊಂಬತ್ತು ಫಾರ್ಮುಗಳಲ್ಲಿ ಹಾಗೇ ಇತ್ತು. ಅರ್ಧಕ್ಕಿಂತ ಹೆಚ್ಚು ಉತ್ತರಗಳು ಸೊನ್ನೆ ಇಲ್ಲವೆ ಐದರಲ್ಲಿ ಮುಗಿದಿದ್ದವು.

ಕಮಲಾಪುರದ ಇನ್ನೂರ ಹದಿನಾಲ್ಕು ಫಾರ್ಮುಗಳಲ್ಲಿ ಬಳ್ಳಿಯ ವಯಸ್ಸು ಏಳು, ಹದಿಮೂರು, ಎಂಟು, ಹನ್ನೊಂದು. ಸೊನ್ನೆಯಿಂದ ಒಂಬತ್ತರವರೆಗೆ ಕೊನೆಯ ಅಂಕಿಗಳೆಲ್ಲ ಹೆಚ್ಚುಕಡಿಮೆ ಸರಿಸಮ. ಇನ್ನೂರ ಹದಿನಾಲ್ಕು ಮಂದಿ ರೈತರು ಹೀಗೆ ಉತ್ತರ ಕೊಡುವುದಿಲ್ಲ. ಯಾರೋ ಒಬ್ಬರು ಒಂದೇ ಕಡೆ ಕೂತು, ನಿಜದಂತೆ ಕಾಣಲಿ ಎಂದು ಬೇರೆ ಬೇರೆ ಅಂಕಿ ಹುಡುಕಿ ಬರೆದಿದ್ದಾರೆ.

ಪ್ರತಿ ಫಾರ್ಮಿನ ಕೆಳಗೂ ಮಹಾದೇವನ ಸಹಿ ಇತ್ತು.

ಅವಳು ಆ ಸಹಿಯನ್ನು ಬಹಳ ಹೊತ್ತು ನೋಡಿದಳು. ಹದಿನಾಲ್ಕು ವರ್ಷ ನೋಡಿದ ಸಹಿ. 'ಮ' ಅಕ್ಷರದ ಬಾಲ ಸ್ವಲ್ಪ ಉದ್ದ. ಖೊಟ್ಟಿ ಸಹಿ ಅಲ್ಲ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲನ್ನು ಚಿವುಟಿದ ಹಾಗೆ, ಚಿವುಟಿದ್ದು ಗೊತ್ತಾಯಿತು, ನೋಯಲಿಲ್ಲ.

ಅತ್ತೆ ನೀಲಗಂಗಮ್ಮ ಮೇಲೆ ಬಂದು ರೊಟ್ಟಿಯ ತಾಟು ಇಟ್ಟು ಇಳಿದು ಹೋದರು. ವಿದ್ಯಾವತಿ ಒಂದು ರೊಟ್ಟಿ ತಿಂದಳು. ಪಲ್ಯ ಯಾವುದೆಂದು ಆಮೇಲೆ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ತಾಟು ಸರಿಸುವಾಗ ಕಡತದ ರಟ್ಟು ತೆರೆದುಕೊಂಡಿತು. ಒಳಗಡೆ ಪೆನ್ಸಿಲಿನಲ್ಲಿ ಮಹಾದೇವನ ಅಕ್ಷರ: ತುಳಜಾಬಾಯಿ, ಕಮಲಾಪುರ, ಗುರುವಾರ ಹತ್ತಕ್ಕೆ. ಕೆಳಗೆ ಫೋನ್ ನಂಬರು.

ಗುರುವಾರ ಅವನು ಮನೆಯಿಂದ ಹೋದ ದಿನ. ಹೆಣ ಸಿಕ್ಕದ್ದು ಶುಕ್ರವಾರ.

ಅವಳು ನಂಬರು ಒತ್ತಿದಳು. ಅತ್ತಕಡೆಯ ಹೆಂಗಸು ಹೆಸರು ಕೇಳಿದ ಕೂಡಲೇ ಗುರುತು ಹಿಡಿದಳು. ನಂತರ, ಬರ್ರಿ, ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ ಎಂದಳು.

ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಒಂದು ತಾಸಿನ ದಾರಿ. ಅವಳು ಹೊರಗೆ ನೋಡುತ್ತಲೇ ಇದ್ದಳು. ಏನು ನೋಡಿದಳೋ ನೆನಪಿಲ್ಲ.

ತುಳಜಾಬಾಯಿಗೆ ಐವತ್ತರ ಆಸುಪಾಸು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಹದಿನೆಂಟು ವರ್ಷ ಕೂಲಿ ಹೆಂಗಸರ ಟೋಳಿಯ ಜೊತೆ ವಿಜಯಪುರದ ಕಡೆ ದ್ರಾಕ್ಷಿ ಕೆಲಸಕ್ಕೆ ಹೋದವಳು. ಈ ವರ್ಷ ಮೊಣಕಾಲು ನೋವು ಬಿಡದ್ದರಿಂದ ಊರಲ್ಲೇ ಉಳಿದಿದ್ದಾಳೆ. ಇದನ್ನೆಲ್ಲ ಚಹದ ಅಂಗಡಿಯ ಬೆಂಚಿಗೆ ಹೋಗುವಷ್ಟರಲ್ಲಿ ಅವಳೇ ಹೇಳಿದಳು.

ವಿದ್ಯಾವತಿ ಫಾರ್ಮುಗಳಿಗೆ ಅಂಟಿಸಿದ್ದ ಫೋಟೋಗಳನ್ನು ತೆಗೆದು ಮುಂದಿಟ್ಟಳು. ಕಮಲಾಪುರ ತಾಲ್ಲೂಕಿನ ತೋಟಗಳು, ನವೆಂಬರ್ ಹದಿನೆಂಟರಂದು ತೆಗೆದವು ಎಂದು ಕೆಳಗೆ ಬರೆದಿತ್ತು. ತುಳಜಾಬಾಯಿ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಇನ್ನೊಂದನ್ನು ನೋಡಿದಳು. ಮೂರನೆಯದನ್ನು ನೋಡದೆಯೇ ಕೆಳಗಿಟ್ಟಳು.

"ಇದು ನವೆಂಬರ್‌ದಾಗಿನ ಫೋಟೋ ಅಲ್ಲರಿ ಮೇಡಂ."

"ಹೆಂಗ ಹೇಳ್ತೀರಿ?"

"ಗೊನಿ ಹಣ್ಣಾಗ್ಯಾವಲ್ರಿ. ದಸರಾ ಹಿಂದ-ಮುಂದ ಚಾಟಣಿ ಮಾಡ್ತೀವಿ. ಬಳ್ಳಿ ಎಲ್ಲಾ ಕತ್ತರಿಸಿ ಬೋಳು ಮಾಡ್ತೀವಿ. ನವೆಂಬರ್‌ದಾಗ ಹೂವು. ಭಾಳ ಅಂದ್ರ ಸಾಸಿವಿ ಕಾಳಿನಷ್ಟು ಕಾಯಿ. ಹಿಂಗ ಹಣ್ಣಾಗಬೇಕಾದ್ರ ಶಿವರಾತ್ರಿ ಬರಬೇಕು."

ಅವಳು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ ವಾಪಸು ಕೊಟ್ಟಳು. ನಿಮ್ಮ ಮನೆಯವರಿಗೂ ಇದನ್ನೇ ಹೇಳಿದ್ದೆ ಎಂದಳು.

ಜನವರಿ ಕೊನೆಗೆ ಮಹಾದೇವ ಒಬ್ಬನೇ ಬಂದು, ದ್ರಾಕ್ಷಿ ಕೆಲಸ ಬಲ್ಲವರು ಯಾರೆಂದು ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತ ಅವಳ ಮನೆಗೆ ಬಂದಿದ್ದನಂತೆ. ಈ ಸುತ್ತಿನಲ್ಲಿ ದ್ರಾಕ್ಷಿ ತೋಟ ಎಷ್ಟಿವೆ ಎಂದು ಕೇಳಿದನಂತೆ. ಅವಳು ಬೆರಳು ಮಡಚಿ ಲೆಕ್ಕ ಹೇಳಿದ್ದಳು. ಐದಿದ್ದವು. ಒಂದನ್ನು ಕಿತ್ತು ಕೆಂಪು ಬಾಳೆ ಹಚ್ಚಿದ್ದಾರೆ. ಈಗ ನಾಲ್ಕು. ಅವನು ನಾಲ್ಕನ್ನೂ ಕಣ್ಣಾರೆ ನೋಡಿ, ನೀರು ಎಷ್ಟು ಸಿಗುತ್ತದೆ, ಐದನೆಯದನ್ನು ಯಾಕೆ ಕಿತ್ತರು ಎಂದೆಲ್ಲ ಕೇಳಿ ಬರೆದುಕೊಂಡಿದ್ದ. ಮರಳಿ ಹೋಗುವಾಗ, ಬರುವ ಗುರುವಾರ ಹತ್ತು ಗಂಟೆಗೆ ನಮ್ಮ ಸರ್‌ನ ಕರೆದುಕೊಂಡು ಬರುತ್ತೇನೆ, ನನಗೆ ತೋರಿಸಿದಂತೆಯೇ ಅವರಿಗೂ ತೋರಿಸಿ ಎಂದಿದ್ದ.

"ನಾ ಮಧ್ಯಾಹ್ನದ ಮಟಾ ಇಲ್ಲೇ ನಿಂತಿದ್ದೆ ರೀ," ಎಂದಳು ತುಳಜಾಬಾಯಿ. "ಬರಲಿಲ್ಲ. ಮರುದಿನ ಸುದ್ದಿ ಬಂತು. ಕರೆದಿದ್ದು ನನಗ, ಹೋಗಿ ಬಿದ್ದದ್ದು ಅಲ್ಲಿ. ಒಬ್ರೇ ಯಾಕ ಹೋದ್ರೋ."

ವಿದ್ಯಾವತಿಗೆ ಒಂದು ಮಾತು ಮಾತ್ರ ಸ್ಪಷ್ಟವಾಯಿತು. ಫಾರ್ಮುಗಳನ್ನು ಬರೆದವನು ಅವಳ ಗಂಡನಲ್ಲ. ಬರೆದವನಾಗಿದ್ದರೆ ತೋಟ ಎಣಿಸಲು ಬರುತ್ತಿರಲಿಲ್ಲ. ಸುಳ್ಳು ಎಂದು ಗೊತ್ತಾಗಿ, ಅದನ್ನು ತಿದ್ದಲು ಬಂದಿದ್ದ. ಇದರಿಂದ ಸಮಾಧಾನವಾಗಬೇಕಿತ್ತು. ಚಹ ತಣ್ಣಗಾಗಿ ಮೇಲೆ ಕೆನೆ ಕಟ್ಟಿತ್ತು. ಅವಳು ಅದನ್ನು ಹಾಗೇ ಕುಡಿದಳು.

ಆಟೋ ಮಾಡಿಕೊಂಡು ಇಬ್ಬರೂ ನಾಲ್ಕು ತೋಟಗಳನ್ನು ನೋಡಿದರು. ಎರಡರಲ್ಲಿ ಫಸಲು ಇತ್ತು, ಕುಯ್ಲು ನಡೆದಿತ್ತು. ಮೂರನೆಯದು ಹೊಸ ಬಳ್ಳಿ, ಇನ್ನೂ ಫಲಕ್ಕೆ ಬಂದಿಲ್ಲ. ನಾಲ್ಕನೆಯದು ಬಂಡೆಮ್ಮ ಎಂಬ ಮುದುಕಿಯದು. ಆ ತೋಟದಲ್ಲಿ ಚಾಟಣಿ ಆಗಿರಲಿಲ್ಲ. ಬಳ್ಳಿಗಳು ತಂತಿಯ ಮೇಲೆ ಅಡ್ಡಾದಿಡ್ಡಿ ಬೆಳೆದು ಒಣಗಿದ ಎಲೆ ಹೊತ್ತು ನಿಂತಿದ್ದವು. ಮನೆಗೆ ಬೀಗ. ಬಂಡೆಮ್ಮ ಸಂಕ್ರಮಣ ಮುಗಿಸಿಕೊಂಡು ಸೊಲ್ಲಾಪುರದ ಮಗಳ ಮನೆಗೆ ಹೋದವಳು ಇನ್ನೂ ಬಂದಿಲ್ಲ ಎಂದಳು ತುಳಜಾಬಾಯಿ.

ಹೊಂಡ ಆ ತೋಟದ ತುದಿಗಿತ್ತು.

ತುಳಜಾಬಾಯಿ ದೂರದಲ್ಲೇ ನಿಂತಳು. ವಿದ್ಯಾವತಿ ಏರಿಯ ಮೇಲೆ ಹತ್ತಿ ನೋಡಿದಳು. ಚೌಕ ಹೊಂಡ, ಕಪ್ಪು ಪ್ಲಾಸ್ಟಿಕ್ ಹಾಸು, ತಿಳಿ ನೀರು. ಇಲ್ಲಿ ನಿಂತಾಗಲಾದರೂ ಏನಾದರೂ ಆದೀತು ಎಂದುಕೊಂಡಿದ್ದಳು. ನೀರಿನ ಮೇಲೆ ಗಾಳಿ ಹಾದು ಹೋಯಿತು. ಅವಳು ಚಪ್ಪಲಿಯ ಒಳಗೆ ಸೇರಿದ್ದ ಕಲ್ಲೊಂದನ್ನು ಕೊಡವಿ ಕೆಳಗಿಳಿದಳು.

ಅಲ್ಲಿಂದಲೇ ಪಿಎಸ್‌ಐ ಕುನಾಲನಿಗೆ ಫೋನ್ ಮಾಡಿದಳು. ಸಾವಿನ ತನಿಖೆ ಅವನ ಕೈಯಲ್ಲಿತ್ತು. ಮೂವತ್ತು ದಾಟದ ಹುಡುಗ, ಮಾತು ಕಡಿಮೆ. ಕಡತವನ್ನು ಇನ್ನೂ ಮುಚ್ಚಿಲ್ಲ ಎಂದು ಅವನೇ ಎರಡು ಸಲ ಬಂದು ಹೇಳಿದ್ದ. ಗುರುವಾರ ಕಲ್ಯಾಣಪ್ಪ ಸರ್‌ನ ಕರೆತರುವುದಾಗಿ ಮಹಾದೇವ ಹೇಳಿದ್ದನ್ನು ಕೇಳಿ ಸ್ವಲ್ಪ ಹೊತ್ತು ಬರೆದುಕೊಂಡ. ನಾಳೆಯ ಮಂಡನೆಗೆ ತಾನೂ ಬರುವುದಾಗಿ ಹೇಳಿದ. ಅಲ್ಲಿಯವರೆಗೆ ಯಾರ ಹತ್ತಿರವೂ ಮಾತಾಡಬೇಡಿ ಎಂದೂ ಹೇಳಿದ.

ಅವಳು ಹೂಂ ಎಂದಳು. ಆದರೆ ಮಾತಾಡದೆ ಇರಲಾಗಲಿಲ್ಲ.

ಮಂಗಳವಾರ ಐವಾನ್-ಎ-ಶಾಹಿಯ ಅತಿಥಿಗೃಹದ ಮುಂದೆ ಹತ್ತೂವರೆಗೇ ಕಾರುಗಳು ನಿಂತಿದ್ದವು. ಸಭಾಂಗಣದಲ್ಲಿ ಸಮಿತಿಯವರು, ಶೀತಲಗೃಹ ಕಟ್ಟುವ ಕಂಪನಿಯವರು, ಹಿಂದಿನ ಸಾಲುಗಳಲ್ಲಿ ಕರೆಸಿದ ಬೆಳೆಗಾರರು. ಪಕ್ಕದ ಸಣ್ಣ ಕೋಣೆಯಲ್ಲಿ ಕಲ್ಯಾಣಪ್ಪ ಒಬ್ಬರೇ ಕೂತಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. ಇತ್ತೀಚೆಗೆ ಹೈದರಾಬಾದಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು.

ವಿದ್ಯಾವತಿ ಬಾಗಿಲು ಮುಂದೆ ಮಾಡಿ, ಎಣಿಕೆಯ ಹಾಳೆಯನ್ನು ಅವರ ಮುಂದಿಟ್ಟಳು.

ಅವರು ಕನ್ನಡಕ ತೆಗೆದು ಹಾಳೆಯನ್ನು ಹತ್ತಿರ ಹಿಡಿದು ಓದಿದರು. ಸೊನ್ನೆ, ಐದು, ಏಳು. ಬೆರಳು ಆ ಸಾಲಿನ ಮೇಲೆ ನಿಂತಿತು.

"ಇದನ್ನ ನಾನೇ ಕಲಿಸಿದ್ದೆ ನಿನಗ," ಅಂದರು.

"ಹೌದ್ರಿ ಸರ್. ಎರಡನೇ ವರ್ಷದಾಗ."

"ಮರ್ತಿರ್ತಿ ಅಂದ್ಕೊಂಡಿದ್ದೆ."

"ಫಾರ್ಮ್ ಯಾರು ತುಂಬಿದ್ರು ಸರ್?"

"ನಾನೇ. ನನ್ನ ಕಚೇರಿಯಾಗ ಕೂತು, ನಾಲ್ಕು ಐತವಾರ." ಅವರು ಸುತ್ತುಬಳಸಲಿಲ್ಲ. "ಆಳಂದ ನೀ ಮಾಡು, ಕಮಲಾಪುರಕ್ಕ ಬ್ಯಾರೇ ಮಂದಿ ಕಳಸ್ತೀನಿ ಅಂತ ಮಹಾದೇವಗ ಹೇಳಿದ್ದೆ. ಮೇಲ್ವಿಚಾರಕ ಅವನು, ಸಹಿ ಅವಂದೇ ಬೇಕು. ಖಾಲಿ ಫಾರ್ಮಿನ ಮ್ಯಾಲ ಮಾಡಿಸ್ಕೊಂಡೆ. ನಾನು ಕೇಳಿದ್ರ ಇಲ್ಲಂತಾನೇನು ಅವನು?"

"ಯಾಕ ಮಾಡಿದ್ರಿ ಸರ್?"

ಕಲ್ಯಾಣಪ್ಪ ತಮ್ಮ ಊರಿನ ಹೆಸರು ಹೇಳಿದರು. ಕಮಲಾಪುರದಿಂದ ಆರು ಕಿಲೋಮೀಟರು. ಅಲ್ಲಿಯವರೆಗೆ ಯಾವ ಯೋಜನೆಯೂ ಬಂದದ್ದಿಲ್ಲ. ಬರುವ ಮಾತು ಎದ್ದಾಗಲೆಲ್ಲ ಅಂಕಿ ಅಂಶ ಸಾಲದೆ ಬೇರೆ ಕಡೆ ಹೋಯಿತು ಎಂದರು. ಬೆಳೆ ಇದ್ದಲ್ಲಿ ಮಾತ್ರ ಶೀತಲಗೃಹ ಕಟ್ಟುತ್ತೇವೆ ಅನ್ನುತ್ತಾರೆ. ಶೀತಲಗೃಹ ಇಲ್ಲದಲ್ಲಿ ಬೆಳೆ ಯಾರು ಇಡುತ್ತಾರೆ? ಹೆದ್ದಾರಿ ಇದೆ, ಹೈದರಾಬಾದ್ ಹತ್ತಿರ ಇದೆ. ಒಮ್ಮೆ ಕಟ್ಟಡ ಎದ್ದರೆ ಐದು ವರ್ಷದಲ್ಲಿ ಇನ್ನೂರ ಹದಿನಾಲ್ಕಲ್ಲ, ಐನೂರು ತೋಟ ಆಗುತ್ತವೆ. ಆಗ ಈ ಫಾರ್ಮುಗಳು ಸುಳ್ಳಾಗಿರುವುದಿಲ್ಲ. ಮೊದಲೇ ಬರೆದವು, ಅಷ್ಟೇ.

ಪಾಠ ಹೇಳುವಾಗಿನ ದನಿಯಲ್ಲೇ ಹೇಳಿದರು. ಅವಳು ಕೇಳಿಸಿಕೊಂಡಳು. ಅವರು ಹೇಳಿದ್ದನ್ನು ಅವರು ನಂಬಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

"ಇದ್ದ ಐದರಾಗ ಒಂದು ಕಿತ್ತಾರ ಸರ್," ಅಂದಳು. "ನೀರು ಸಾಲಲಿಲ್ಲ. ಇನ್ನೊಂದು ಈ ವರ್ಷ ಒಣಗ್ಯಾದ. ನಿಮ್ಮ ವರದಿ ನಂಬಿ ಇನ್ನೂರು ಮಂದಿ ಬಳ್ಳಿ ಹಚ್ಚಿದ್ರ, ನೀರು ಎಲ್ಲಿಂದ ಕೊಡ್ತೀರಿ?"

ಅವರು ಹಾಳೆಯನ್ನು ಅವಳ ಕಡೆ ಸರಿಸಿದರು.

"ನಮ್ಮ ಮನಿಯವರು ಇದನ್ನೇ ಕೇಳಿದ್ರೇನು ನಿಮಗ?"

"ಕೇಳಿದ. ಗುರುವಾರ ಬರ್ರಿ, ಕಣ್ಣಾರೆ ನೋಡ್ರಿ ಅಂದ. ಆಗಲಿ ಅಂದೆ." ಕಲ್ಯಾಣಪ್ಪ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಹೋಗಲಿಲ್ಲ. ಬುಧವಾರವೇ ಆಪರೇಷನ್ನಿಗೆ ಹೈದ್ರಾಬಾದ್‌ಗೆ ಹೋದೆ. ಫೋನ್ ಮಾಡಿ, ನಾ ಬರಂಗಿಲ್ಲ, ನೀನೂ ಹೋಗಬ್ಯಾಡ ಅಂದೆ. ಶುಕ್ರವಾರ ಆಸ್ಪತ್ರಿಯಾಗ ಇದ್ದಾಗ ಸುದ್ದಿ ಬಂತು. ಕಣ್ಣಿಗೆ ಪಟ್ಟಿ ಕಟ್ಟಿದ್ರು, ಅಳಬಾರದು ಅಂದ್ರು ಡಾಕ್ಟರು."

ಅದು ಸುಳ್ಳೋ ನಿಜವೋ ಅವಳಿಗೆ ತಿಳಿಯಲಿಲ್ಲ. ಮೊದಲಾಗಿದ್ದರೆ ಈ ಮನುಷ್ಯನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದಳು.

ಹೊರಗೆ ಯಾರೋ ಮೈಕ್ ಪರೀಕ್ಷಿಸಿದರು. ಕಲ್ಯಾಣಪ್ಪ ಎದ್ದು ನಿಂತು ದನಿ ತಗ್ಗಿಸಿದರು.

"ವಿದ್ಯಾ, ಇಷ್ಟು ಕೇಳು. ನೀ ಅಲ್ಲಿ ನಿಂತು ಫಾರ್ಮ್ ಸುಳ್ಳು ಅಂದ್ರ, ಮಂದಿ ಮೊದಲು ನೋಡೋದು ಸಹಿ. ಇನ್ನೂರ ಹದಿನಾಲ್ಕು ಸಹಿ. ಸತ್ತವ ಎದ್ದು ಬಂದು ಖಾಲಿ ಹಾಳಿ ಮ್ಯಾಲ ಮಾಡಿದ್ದೆ ಅನ್ನಂಗಿಲ್ಲ. ನಿಮ್ಮತ್ತಿ ಇನ್ನೂ ಬದುಕ್ಯಾರ. ಮಗ ಕಳ್ಳ ಲೆಕ್ಕ ಬರೆದಾನ ಅಂತ ಬ್ರಹ್ಮಪುರದಾಗ ನಾಕು ಮಂದಿ ಅಂದ್ರ ಅವರಿಗೆ ಹೆಂಗಾಗ್ತದ?"

ಅವಳು ಎಣಿಕೆಯ ಹಾಳೆಯನ್ನು ಮಡಚಿಕೊಂಡು ಹೊರಗೆ ಬಂದಳು.

ಅವಳ ಹೆಸರು ಕರೆದರು. ಅಗಲಿದ ಮಹಾದೇವನಿಗಾಗಿ ಎಲ್ಲರೂ ಒಂದು ನಿಮಿಷ ಎದ್ದು ನಿಂತರು. ಕುರ್ಚಿಗಳು ಸದ್ದು ಮಾಡಿ ಮತ್ತೆ ಸುಮ್ಮನಾದವು. ಅವಳ ಮುಂದೆ ವರದಿಯ ಅರವತ್ತು ಪುಟ ಇತ್ತು. ಮೊದಲ ಪುಟ ತಿರುವಿದಳು, ಎರಡನೆಯದು ತಿರುವಿದಳು. ಆಳಂದದ ಭಾಗವನ್ನು ಪೂರ್ತಿ ಓದಿದಳು. ಎಕರೆ, ತಳಿ, ನೀರು, ಮಾರುಕಟ್ಟೆ. ಅದು ಗಂಡ ಬಿಸಿಲಲ್ಲಿ ತಿರುಗಿ ತಂದದ್ದು. ಒಂದು ಅಂಕಿಯನ್ನೂ ಬಿಡಲಿಲ್ಲ.

ಕಮಲಾಪುರದ ಭಾಗ ಬಂದಾಗ ಕಡತ ಮುಚ್ಚಿದಳು.

"ಇಲ್ಲಿ ಇನ್ನೂರ ಹದಿನಾಲ್ಕು ತೋಟ ಅಂತ ಬರದದ," ಅಂದಳು. "ನಿನ್ನಿ ನಾ ಹೋಗಿ ನೋಡೀನಿ. ನಾಲ್ಕು ಅವ."

ಅವಳು ಅದೇ ದನಿಯಲ್ಲಿ ಮುಂದುವರಿಸಿದಳು. ಯಾವ ತೋಟ ಎಲ್ಲಿದೆ, ಯಾವುದಕ್ಕೆ ನೀರಿದೆ, ಯಾವುದಕ್ಕಿಲ್ಲ, ಅಂಕಿಗಳಲ್ಲಿ ಏನು ತಪ್ಪಿದೆ, ನವೆಂಬರಿನ ಫೋಟೋದಲ್ಲಿ ಹಣ್ಣು ಇರಲಾರದು ಎಂದು ಹೇಳಿಕೊಟ್ಟವರು ಯಾರು, ಎಲ್ಲವನ್ನೂ ಹೇಳಿದಳು. ಕಂಪನಿಯವರಲ್ಲಿ ಒಬ್ಬ, ಹಾಗಾದರೆ ಈ ಸಹಿಗಳು ಯಾರವು ಎಂದು ಕೇಳಿದ.

"ನಮ್ಮ ಮನಿಯವರದೇ. ಖಾಲಿ ಹಾಳಿ ಮ್ಯಾಲ ಮಾಡ್ಯಾರ. ತಪ್ಪು ಅದು. ತಪ್ಪು ಅಂತ ಗೊತ್ತಾದ ಮ್ಯಾಲ ತಾವೇ ಹೋಗಿ ಎಣಿಸ್ಯಾರ. ಆ ಎಣಿಕಿ ಹೇಳ್ಲಿಕ್ಕೆ ಅವರು ಇಲ್ಲ, ಅದಕ್ಕ ನಾ ಹೇಳ್ಲಿಕತ್ತೀನಿ."

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಕುನಾಲ ಕೈಕಟ್ಟು ಬಿಚ್ಚಿದ. ಎಲ್ಲರ ಕಣ್ಣೂ ಕಲ್ಯಾಣಪ್ಪನವರ ಕಡೆ ತಿರುಗಿತ್ತು. ಅವರು ಕುರ್ಚಿಯ ತೋಳು ಹಿಡಿದು ಎದ್ದರು.

"ಆಕಿ ಹೇಳೋದು ಖರೇ ಅದ," ಅಂದರು. "ಕಮಲಾಪುರದ ಫಾರ್ಮ್ ನಾ ಬರ್ದೀನಿ. ಹುಡುಗಂದೇನೂ ಇಲ್ಲ ಅದರಾಗ."

ಹೇಳಿ ಮತ್ತೆ ಕೂತರು. ಅವರ ಪಕ್ಕದ ಎರಡು ಕುರ್ಚಿಗಳಲ್ಲಿದ್ದವರು ಎದ್ದು ಬೇರೆ ಕಡೆ ಹೋದರು.

ಮುಂದಿನದು ಬೇಗ ಮುಗಿಯಿತು. ಸಮಿತಿಯ ಅಧ್ಯಕ್ಷೆ ಕಮಲಾಪುರದ ಭಾಗವನ್ನು ವರದಿಯಿಂದ ತೆಗೆಸಿದರು. ಹೊಸದಾಗಿ ಎಣಿಸುವವರೆಗೆ ಎಲ್ಲಿಯೂ ಅಡಿಗಲ್ಲು ಹಾಕಬಾರದೆಂದು ಬರೆಸಿದರು. ಕಂಪನಿಯವರು ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದರು. ಕಲ್ಯಾಣಪ್ಪನವರ ಹೇಳಿಕೆ ಬರೆದುಕೊಳ್ಳಲು ಕುನಾಲ ಪೇದೆಯೊಬ್ಬನನ್ನು ಅವರ ಬಳಿ ಕೂರಿಸಿದ. ವಿದ್ಯಾವತಿ ಅವರ ಮುಂದಿನಿಂದಲೇ ಹಾದು ಹೋದಳು. ಅವರು ತಲೆ ಎತ್ತಲಿಲ್ಲ.

ವರಾಂಡದಲ್ಲಿ ಕುನಾಲ ಅವಳನ್ನು ಕೂಡಿಕೊಂಡ. ಹೈದರಾಬಾದಿನ ಆಸ್ಪತ್ರೆಗೆ ಫೋನ್ ಮಾಡಿಸಿದ್ದಾಗಿಯೂ, ಬುಧವಾರದಿಂದ ಶನಿವಾರದವರೆಗೆ ಕಲ್ಯಾಣಪ್ಪ ಅಲ್ಲಿಯೇ ಇದ್ದದ್ದು ನಿಜವೆಂದೂ ಹೇಳಿದ. ಅಂದರೆ ಗುರುವಾರ ಹೊಂಡದ ಹತ್ತಿರ ಇದ್ದದ್ದು ಅವರಲ್ಲ.

ಅಷ್ಟರಲ್ಲಿ ಬೆಳೆಗಾರರ ಗುಂಪಿನಿಂದ ಒಬ್ಬ ಮುದುಕಿ ಮೆಲ್ಲಗೆ ನಡೆದು ಬಂದಳು. ಹಣೆಗೆ ವಿಭೂತಿ, ಕೈಯಲ್ಲಿ ಬಟ್ಟೆ ಚೀಲ. ವಿದ್ಯಾವತಿಯ ಮುಖವನ್ನು ಒಂದು ಗಳಿಗೆ ನೋಡಿ ಅವಳ ಮುಂಗೈ ಹಿಡಿದುಕೊಂಡಳು.

"ನಾ ಬಂಡೆಮ್ಮ. ನಿನ್ನ ಗಂಡ ಬಿದ್ದ ಹೊಂಡ ನಂದವ್ವ."

ಮುದುಕಿ ಅವಳ ಕೈ ಬಿಡದೆ ಕುನಾಲನ ಕಡೆ ತಿರುಗಿದಳು.

"ಸಾಹೇಬ್ರ, ಹೋದ ಬ್ಯಾಸಗಿಗೇ ಅದರ ಪ್ಲಾಸ್ಟಿಕ್ ಹರಿದು ಚಿಂದಿ ಆಗಿತ್ರಿ. ಒಂದು ಹನಿ ನೀರು ನಿಲ್ತಿದ್ದಿಲ್ಲ. ಅದಕ್ಕೇ ಈ ಸಲ ಚಾಟಣಿ ಮಾಡಿಸ್ಲಿಲ್ಲ. ಸಂಕ್ರಮಣಕ್ಕ ಮಗಳ ಬಾಣಂತನಕ್ಕಂತ ಹೋಗಾಗ ಹೊಂಡ ಒಣಗಿತ್ತು. ಒಳಗ ಆಡು ಮೇಯ್ತಿದ್ವು."

ಕುನಾಲನ ಮುಖ ಬಿಗಿಯಿತು. "ನಾವು ಹೆಣ ತಗದಾಗ ಎಂಟು ಅಡಿ ನೀರಿತ್ತಲ್ಲ ಅಜ್ಜಿ."

"ಅದೇ ನಾ ಹೇಳ್ಲಿಕತ್ತೀನಿ. ನಿನ್ನಿ ಹೊತ್ತು ಮುಳಗಾಗ ಊರಿಗೆ ಬಂದೆ. ಇವತ್ತು ಮುಂಜಾನಿ ತೋಟಕ್ಕ ಹೋದ್ರ ಹೊಸಾ ಪ್ಲಾಸ್ಟಿಕ್, ತುಂಬ ನೀರು. ಟ್ಯಾಂಕರ್ ಬಂದು ತುಂಬಿಸಿ ಹೋದ್ವು ಅಂತ ಬಾಜೂ ಹೊಲದವರು ಅಂದ್ರು. ನಾ ಹಾಕ್ಸಿಲ್ಲ. ನನಗ ಯಾರೂ ಕೇಳೂ ಇಲ್ಲ."

ಅವಳು ಚೀಲದೊಳಗೆ ಕೈ ಹಾಕಿ ನಾಲ್ಕು ಮಡಿಕೆ ಮಾಡಿದ ದಪ್ಪ ಕಾಗದವೊಂದನ್ನು ತೆಗೆದಳು. ಪಂಪಿನ ಮನೆಯಲ್ಲಿ ಉಳಿದ ಪ್ಲಾಸ್ಟಿಕ್ ಸುರುಳಿಯ ಜೊತೆ ಬಿದ್ದಿತ್ತು, ತನಗೆ ಓದಲು ಬಾರದು ಎಂದಳು.

ಕುನಾಲ ಕರವಸ್ತ್ರದಿಂದ ಅದರ ಅಂಚು ಹಿಡಿದು ಬಿಚ್ಚಿದ. ಹೊಂಡದ ಹಾಸಿನ ಗ್ಯಾರಂಟಿ ಕಾರ್ಡು. ಕಲಬುರಗಿಯ ಅಂಗಡಿಯದು. ತಾರೀಖು ಜನವರಿ ಇಪ್ಪತ್ತನಾಲ್ಕು. ಮಹಾದೇವ ಸಾಯುವುದಕ್ಕೆ ಹನ್ನೆರಡು ದಿನ ಮುಂಚೆ. ಅವನು ಮುಂದೆ ಓದುತ್ತ ಹೋಗಿ ತಟ್ಟನೆ ನಿಂತ. ಕಾರ್ಡನ್ನು ತಿರುಗಿಸಿ ವಿದ್ಯಾವತಿಯ ಮುಂದೆ ಹಿಡಿದ.

ಕೊಂಡವರ ಹೆಸರು: ವಿದ್ಯಾವತಿ, ಬ್ರಹ್ಮಪುರ. ಅದರ ಮುಂದೆ ಅವಳ ಫೋನ್ ನಂಬರು.

"ಮೇಡಂ," ಕುನಾಲನ ದನಿ ಇಲ್ಲಿಯವರೆಗಿನಂತೆ ಇರಲಿಲ್ಲ. "ನಿನ್ನಿಗಿಂತ ಮೊದಲು ಈ ತೋಟಕ್ಕ ಹೋಗಿದ್ರೇನು?"

"ಇಲ್ರಿ."

"ಈ ಪ್ಲಾಸ್ಟಿಕ್ ನೀವು ತಗೊಂಡಿದ್ರೇನು?"

"ಇಲ್ರಿ."

ಅವನು ಕಾರ್ಡಿನ ಕೆಳತುದಿಯನ್ನು ತೋರಿಸಿದ. ನೀಲಿ ಶಾಯಿಯ ಸಹಿ.

ವಿದ್ಯಾವತಿ ಬಾಗಿ ನೋಡಿದಳು. ಬೇಕಾದಷ್ಟು ಹೊತ್ತು ನೋಡಿದಳು. ಬಂಡೆಮ್ಮ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದಳು.

"ಈ ಸಹಿ ಯಾರದು ಮೇಡಂ?"

"ನಂದೇ ರೀ," ಅಂದಳು. "ನಮ್ಮ ಮನಿಯವರಂಗ ನಾನೂ ಖಾಲಿ ಕಾಗದಕ್ಕ ಮಾಡಿರಬೇಕು, ಯಾರು ಕೇಳಿದ್ರೋ ನೆನಪಿಲ್ಲ."